ವಿಟಮಿನ್ ಕಮ್ಮಿ ಇದ್ರೆ ಮಗು ನಿಲ್ಲಲ್ವಾ? ಟೆಸ್ಟಿಗೆ ರಕ್ತ ಕೊಡೋಕೆ ಬಂದೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಡಾಕ್ಟರಲ್ಲ, ಮೊದಲೇ ಹೇಳ್ಬಿಡ್ತೀನಿ. ಮೈಸೂರಲ್ಲಿ ಒಂದು ಲ್ಯಾಬಲ್ಲಿ 14 ವರ್ಷದಿಂದ ರಕ್ತ ತೆಗೀತಾ ಇದೀನಿ, ತವರು ಪಾಂಡವಪುರದ ಹತ್ರ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕೋ ಆ ಎರಡು ನಿಮಿಷದಲ್ಲಿ ಹೆಣ್ಮಕ್ಕಳು ಡಾಕ್ಟ್ರ ಹತ್ರ ಕೇಳೋಕಾಗದೇ ಇದ್ದದ್ದನ್ನೆಲ್ಲ ನನ್ನ ಹತ್ರ ಕೇಳ್ತಾರೆ, ಅದ್ರಲ್ಲೂ ಎರಡು ಮೂರು ಸಲ ಹೊಟ್ಟೇಲಿ ನಿಲ್ದೇ ಹೋಗಿರೋರು. ಹೊರಗಡೆ ಬೆಂಚಲ್ಲಿ ಅತ್ತೆ ಕೂತಿರ್ತಾರೆ, ಗಂಡ ಬಿಲ್ ಕಟ್ಟೋಕೆ ಹೋಗಿರ್ತಾರೆ, ಆಗ ಮೆಲ್ಲಗೆ "ಅಕ್ಕಾ, ಒಂದು ಕೇಳ್ಲಾ" ಅಂತ ಶುರು ಆಗುತ್ತೆ. ಅಲ್ಲಿ ಪೂರ್ತಿ ಹೇಳೋಕಾಗಲ್ಲ, ಹಿಂದೆ ಕ್ಯೂ ಇರುತ್ತೆ. ಅದಕ್ಕೇ ಇಲ್ಲಿ ಬರೆದಿಟ್ಟಿದೀನಿ. ನಂಗೂ ಮೂರು ಸಲ ಹೋಗಿದೆ, ಹಂಗಾಗಿ ಕೇಳೋರ ಕಡೆ ಕುರ್ಚೀಲೂ ಕೂತು ಎದ್ದಿದೀನಿ.

ಎರಡು ಸಲ ಹೋಯ್ತು. ಈಗ ರಿಪೋರ್ಟಲ್ಲಿ ವಿಟಮಿನ್ ಡಿ 9 ಅಂತ ಬಂದಿದೆ. ಇದ್ರಿಂದಾನೇ ಹೋಗಿದ್ದಾ?

ಇರಬಹುದು ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ, ಆದ್ರೆ "ಇದ್ರಿಂದಾನೇ" ಅಂತ ಯಾರಾದ್ರೂ ಹೇಳಿದ್ರೆ ಅವ್ರ ಮಾತು ಒಂದು ಕಿವೀಲಿ ಕೇಳಿ ಇಟ್ಕೊಳ್ಳಿ, ಅಷ್ಟೇ. 9 ನ್ಯಾನೋಗ್ರಾಂ ಅನ್ನೋದು ಕಮ್ಮೀನೇ, 20ಕ್ಕಿಂತ ಕೆಳಗಿದ್ರೆ ಕೊರತೆ ಅಂತಾನೇ ಲೆಕ್ಕ. ಗರ್ಭಪಾತ ಆದೋರಲ್ಲಿ ಡಿ ಕಮ್ಮಿ ಇರೋದು ಜಾಸ್ತಿ ಕಾಣ್ಸುತ್ತೆ ಅಂತ ಬೇರೆ ಬೇರೆ ಅಧ್ಯಯನಗಳನ್ನ ಒಟ್ಟು ಸೇರಿಸಿ 2022ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿ ಕಡೆಯವ್ರು ತೋರಿಸಿದಾರೆ. ಆದ್ರೆ ಎರಡೂ ಒಟ್ಟಿಗೆ ಕಾಣ್ತು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಆಗಲ್ಲ. ಡಿ ಕೊಟ್ಟು ಏರಿಸಿದ್ರೆ ಮುಂದಿನ ಮಗು ನಿಂತೇ ನಿಲ್ಲುತ್ತೆ ಅನ್ನೋದು ಇನ್ನೂ ಸಾಬೀತಾಗಿಲ್ಲ. ನಮ್ಮ ಲ್ಯಾಬಲ್ಲಿ ಗಂಡಸರು, ಮೇಷ್ಟ್ರು, ಬ್ಯಾಂಕಿನೋರು, ಎರಡು ಮಕ್ಕಳ ತಾಯಂದಿರು ಯಾರ ರಕ್ತ ಹಾಕಿದ್ರೂ ಡಿ ಕಮ್ಮೀನೇ ಬರುತ್ತೆ, ಹತ್ತು ಜನದಲ್ಲಿ ಏಳೆಂಟು ಜನಕ್ಕೆ ಕಮ್ಮಿ ಇರೋ ಒಂದು ವಿಷಯ ನಿಮಗೂ ಕಮ್ಮಿ ಇದೆ ಅಂದ್ರೆ ಕಳ್ಳ ಸಿಕ್ಕಿಬಿದ್ದ ಅಂತ ಅರ್ಥ ಅಲ್ಲ.

ನನ್ನದೇ ಹೇಳ್ತೀನಿ. ಎರಡನೇ ಸಲ 9 ವಾರಕ್ಕೆ ಹೋದಾಗ ನಂದು ಡಿ 11 ಇತ್ತು. ಆಗ ನೋಡ್ತಿದ್ದ ಡಾಕ್ಟ್ರು ರಿಪೋರ್ಟ್ ನೋಡಿ "ನೋಡಮ್ಮ ಇಲ್ಲೇ ಇದೆ ಪ್ರಾಬ್ಲಂ" ಅಂತ ಡಿ ಪುಡಿಯ ಸ್ಯಾಚೆಟ್ ಬರ್ಕೊಟ್ಟು ಕಳಿಸಿದ್ರು, ಬೇರೆ ಒಂದು ಟೆಸ್ಟೂ ಬರೀಲಿಲ್ಲ, ನಾನೂ ಕೇಳ್ಲಿಲ್ಲ, ಕಾರಣ ಸಿಕ್ತಲ್ಲ ಅನ್ನೋ ನೆಮ್ಮದೀಲಿ ದೇವ್ರಿಗೆ ಕೈ ಮುಗಿದು ಎಂಟು ವಾರ ತಗೊಂಡೆ, ಡಿ 34ಕ್ಕೆ ಬಂತು, ಮತ್ತೆ ತಿಂಗಳು ನಿಂತ್ತು, ಮತ್ತೆ ಹೋಯ್ತು. ಆಮೇಲೆ ಬೇರೆ ಕಡೆ ತೋರಿಸಿದಾಗ ಗೊತ್ತಾಗಿದ್ದು ನಂದು ರಕ್ತ ಹೆಪ್ಪುಗಟ್ಟೋ ತೊಂದರೆ ಅಂತ. ಅದ್ರ ವಿಷಯ ಕೆಳಗಡೆ ಟೆಸ್ಟ್ ಪ್ರಶ್ನೇಲಿ ಬರ್ದಿದೀನಿ. ಡಿ ತಗೊಂಡಿದ್ದು ತಪ್ಪಲ್ಲ, ಮೂಳೆಗೆ ಒಳ್ಳೇದೇ ಆಯ್ತು. ಅದೊಂದನ್ನೇ ನಂಬ್ಕೊಂಡು ಒಂದು ವರ್ಷ ಕಳೆದಿದ್ದು ತಪ್ಪು.

ಎಷ್ಟು ಸಲ ಹೋದ್ರೆ "ಪದೇ ಪದೇ" ಅಂತಾರೆ?

ಹಳೇ ಲೆಕ್ಕ ಮೂರು ಸಲ. ಈಗ ಯುರೋಪ್, ಅಮೆರಿಕದ ಡಾಕ್ಟ್ರ ಸಂಘಗಳು ಎರಡು ಸಲ ಆದ್ರೇ ಟೆಸ್ಟ್ ಶುರು ಮಾಡಬಹುದು ಅಂತಾವೆ. ಒಂದು ಸಲ ಹೋಗೋದು ನಾವು ಅಂದ್ಕೊಂಡಿದ್ದಕ್ಕಿಂತ ತುಂಬಾ ಸಾಮಾನ್ಯ, ಗೊತ್ತಾದ 100 ಬಸುರಲ್ಲಿ 10 ರಿಂದ 15 ಹಂಗೇ ಹೋಗುತ್ತೆ, ಅದ್ರಲ್ಲಿ ಅರ್ಧದಷ್ಟು ಅಂಡಾಣು ವೀರ್ಯ ಸೇರೋ ಹೊತ್ತಲ್ಲೇ ಕ್ರೋಮೋಸೋಮ್ (ಅಪ್ಪ ಅಮ್ಮನ ಗುಣ ಹೊತ್ತು ತರೋ ಎಳೆಗಳು) ಲೆಕ್ಕ ತಪ್ಪಿದ್ದಕ್ಕೆ. ನೀವು ಏನು ತಿಂದ್ರೂ ಏನು ಬಿಟ್ರೂ ಅದು ನಿಲ್ಲೋದಾಗಿರಲಿಲ್ಲ. ಪದೇ ಪದೇ ಹೋಗೋದು ಮಾತ್ರ 100 ಜೋಡೀಲಿ ಒಂದೆರಡಕ್ಕೆ. ಅಮ್ಮನ ವಯಸ್ಸು 35 ದಾಟಿದ ಮೇಲೆ ಈ ಲೆಕ್ಕ ತಪ್ಪೋದು ಜಾಸ್ತಿ ಆಗ್ತಾ ಹೋಗುತ್ತೆ.

ಮೈಸೂರಲ್ಲಿ ಇಷ್ಟೊಂದು ಬಿಸಿಲಿದೆ, ನಂಗೆ ಡಿ ಹೆಂಗೆ ಕಮ್ಮಿ ಆಗುತ್ತೆ?

ಬಿಸಿಲು ಊರಲ್ಲಿದೆ, ನಿಮ್ಮ ಮೈ ಮೇಲೆ ಬೀಳ್ತಾ ಇದ್ಯಾ? ಬೆಳಿಗ್ಗೆ 6ಕ್ಕೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕ್ ಮಾಡೋರು ತುಂಬಾ ಜನ "ನಾನು ದಿನಾ ಎಳೆ ಬಿಸಿಲಲ್ಲಿ ನಡೀತೀನಿ" ಅಂತಾರೆ. ನಡೆದಿದ್ದು ಒಳ್ಳೇದು, ಆದ್ರೆ ಚರ್ಮದಲ್ಲಿ ಡಿ ತಯಾರಾಗೋಕೆ ಬೇಕಾಗಿರೋ ಕಿರಣ ಎಳೆ ಬಿಸಿಲಲ್ಲಿ ಹೆಚ್ಚುಕಮ್ಮಿ ಇರೋದೇ ಇಲ್ಲ, ಅದು ಬರೋದು 11 ರಿಂದ 3 ಗಂಟೆ ಒಳಗೆ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇರೋ ಹೊತ್ತಲ್ಲಿ. ಆ ಹೊತ್ತಲ್ಲಿ ನಾವು ಎಲ್ಲಿರ್ತೀವಿ? ಅಡುಗೆ ಮನೇಲಿ, ಆಫೀಸಲ್ಲಿ, ಗಾರ್ಮೆಂಟ್ಸ್ ಫ್ಯಾಕ್ಟರಿ ಒಳಗೆ. ಕಿಟಕಿ ಗಾಜು ದಾಟಿ ಬರೋ ಬಿಸಿಲಿಂದ ಸೆಕೆ ಆಗುತ್ತೆ ಅಷ್ಟೇ, ಡಿ ಬರಲ್ಲ. ಕಪ್ಪು ಚರ್ಮಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಮಂಡ್ಯ ಕಡೆ ಗದ್ದೇಲಿ ನಾಟಿ ಹಾಕೋ ಹೆಂಗಸರಿಗೂ ಕಮ್ಮಿ ಬಂದಿರೋದು ನಾನು ನೋಡಿದೀನಿ, ತಲೆ ಮೇಲೆ ಟವಲ್ಲು, ಮೈಮೇಲೆ ಉದ್ದ ತೋಳಿನ ಗಂಡಸರ ಶರ್ಟು, ಬಿಸಿಲು ಬೀಳೋದು ಮುಂಗೈ ಮೇಲೆ ಮಾತ್ರ.

ಮಧ್ಯಾಹ್ನ ಬಟ್ಟೆ ಒಣಗಾಕೋಕೆ ಟೆರೇಸಿಗೆ ಹೋದಾಗ ತೋಳು ಬಿಟ್ಕೊಂಡು 20 ನಿಮಿಷ ನಿಂತ್ರೆ ಸಾಕು. ಆದ್ರೆ 9, 10 ಇರೋರಿಗೆ ಬರೀ ಬಿಸಿಲಿಂದ ಬೇಗ ಏರಲ್ಲ, ಮಾತ್ರೆ ಬೇಕಾಗುತ್ತೆ.

ಡಿ 60,000 ಐಯು ಸ್ಯಾಚೆಟ್ ದಿನಾ ತಗೊಂಡ್ರೆ ಬೇಗ ಏರಲ್ವಾ?

ಬೇಡ ಕಣ್ರೀ, ದಯವಿಟ್ಟು ಬೇಡ. ಅದು ವಾರಕ್ಕೆ ಒಂದು. ಸಾಮಾನ್ಯವಾಗಿ ಎಂಟು ವಾರ ಕೊಟ್ಟು ಆಮೇಲೆ ತಿಂಗಳಿಗೊಂದು ಮಾಡ್ತಾರೆ, ಎಷ್ಟು ಅಂತ ನಿಮ್ಮ ಡಾಕ್ಟ್ರೇ ಹೇಳ್ಬೇಕು, ಬಸುರಿ ಆಗಿದ್ರಂತೂ ಅವ್ರನ್ನ ಕೇಳ್ದೆ ಮುಟ್ಟಲೇಬಾರದು. ಇದು ಕೊಬ್ಬಲ್ಲಿ ಕರಗೋ ವಿಟಮಿನ್, ಜಾಸ್ತಿ ಆಗಿದ್ದು ಉಚ್ಚೇಲಿ ಹೋಗ್ಬಿಡುತ್ತೆ ಅನ್ನೋದು ಇದಕ್ಕೆ ಅನ್ವಯ ಆಗಲ್ಲ, ಮೈಯಲ್ಲೇ ಶೇಖರ ಆಗುತ್ತೆ. ಒಬ್ರು ಬಂದಿದ್ರು, ಮೆಡಿಕಲ್ ಸ್ಟೋರಲ್ಲಿ ಚೀಟಿ ಸರಿಯಾಗಿ ಓದದೆ "ದಿನಾ ರಾತ್ರಿ ಒಂದು" ಅಂತ ಹೇಳಿ ಕೊಟ್ಟಿದಾರೆ, ಅವ್ರು ಒಂದೂವರೆ ತಿಂಗಳು ದಿನಾ ಹಾಲಲ್ಲಿ ಕಲಸಿ ಕುಡಿದಿದಾರೆ, ವಾಂತಿ, ಮಲಬದ್ಧತೆ, ರಾತ್ರಿಯೆಲ್ಲ ಉಚ್ಚೆ, ಬಾಯಾರಿಕೆ, ಮನೇಲಿ ಎಲ್ರೂ ಬಸುರಿ ಆಗಿದಾಳೆ ಅಂತ ಖುಷಿ ಪಟ್ಟಿದಾರೆ. ನೋಡಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕೂತಿತ್ತು. ಸ್ಯಾಚೆಟ್ ಹರಿದ ದಿನ ಕ್ಯಾಲೆಂಡರಲ್ಲಿ ಒಂದು ಸುತ್ತು ಹಾಕಿ, ಊಟ ಆದ್ಮೇಲೆ ತಗೊಳ್ಳಿ, ಮುಂದಿನ ಸುತ್ತು ಮುಂದಿನ ವಾರ ಅದೇ ದಿನಕ್ಕೆ.

ನಾವು ಪ್ಯೂರ್ ವೆಜ್. ಬಿ12 ಕಮ್ಮಿ ಬಂದಿದೆ. ಮಗು ನಿಲ್ದೇ ಇರೋದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಸಂಬಂಧ ಇರಬಹುದು ಅನ್ನೋದಕ್ಕೆ ಕಾರಣ ಇದೆ. ಮಗು ಬೆಳೀಬೇಕು ಅಂದ್ರೆ ಜೀವಕೋಶ ಒಂದು ಎರಡಾಗಿ ಎರಡು ನಾಲ್ಕಾಗಿ ಒಡೀತಾ ಹೋಗ್ಬೇಕು, ಪ್ರತಿ ಸಲ ಡಿಎನ್‌ಎ ನಕಲು ಆಗ್ಬೇಕು, ಆ ಕೆಲಸಕ್ಕೆ ಬಿ12 ಮತ್ತೆ ಫೋಲಿಕ್ ಆಸಿಡ್ ಎರಡೂ ಜೋಡೆತ್ತಿನ ಥರ, ಒಂದು ನಿಂತ್ರೆ ಇನ್ನೊಂದೂ ಎಳೆಯಲ್ಲ. ಬಿ12 ಇಲ್ದೇ ಇದ್ದಾಗ ಹೋಮೋಸಿಸ್ಟೀನ್ ಅನ್ನೋದು ರಕ್ತದಲ್ಲಿ ಜಾಸ್ತಿ ಆಗುತ್ತೆ, ಅದು ರಕ್ತನಾಳಕ್ಕೆ ಒಳ್ಳೇದಲ್ಲ. ಬಿ12 ತುಂಬಾ ಕಮ್ಮಿ ಇದ್ರೆ ಬಸುರಾಗೋದೇ ಕಷ್ಟ ಆಗಬಹುದು. ಇಷ್ಟು ಹೇಳಿ, ಮತ್ತೆ ಅದೇ ಮಾತು: ಕಮ್ಮಿ ಇದ್ರೂ ಆರಾಮಾಗಿ ಹೆತ್ತೋರು ಊರು ತುಂಬಾ ಇದಾರೆ.

ಸುಮ್ನೆ ಹೇಳ್ತಿಲ್ಲ, ನಮ್ಮ ಮೈಸೂರಿಂದೇ ಲೆಕ್ಕ ಇದೆ. ಮಂಡಿ ಮೊಹಲ್ಲದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅಂತೀವಲ್ಲ, ಅಲ್ಲಿ 1997-98ರಲ್ಲಿ ಬಸುರಿಯರನ್ನ ಸೇರಿಸ್ಕೊಂಡು ಪಾರ್ಥೆನನ್ ಅಂತ ಒಂದು ಅಧ್ಯಯನ ಶುರು ಮಾಡಿದ್ರು, ಹುಟ್ಟಿದ ಮಕ್ಕಳನ್ನ ದೊಡ್ಡೋರಾಗೋ ತನಕ ಫಾಲೋ ಮಾಡಿದಾರೆ. ಅದ್ರಲ್ಲಿ 43% ಹೆಂಗಸರಿಗೆ ಬಿ12 ಕಮ್ಮಿ ಇತ್ತು, ಫೋಲೇಟ್ (ಊಟದಲ್ಲಿ ಸಿಗೋ ಫೋಲಿಕ್ ಆಸಿಡ್) ಕಮ್ಮಿ ಇದ್ದಿದ್ದು ಬರೀ 4%, ಡಿ ಕಮ್ಮಿ ಇದ್ದೋರು ಮೂರರಲ್ಲಿ ಎರಡು ಭಾಗದಷ್ಟು. ಆ ಅಧ್ಯಯನ ಗರ್ಭಪಾತದ ಬಗ್ಗೆ ಅಲ್ಲ, ಬಸುರಲ್ಲಿ ಬರೋ ಶುಗರ್, ಮಕ್ಕಳ ಆರೋಗ್ಯದ ಬಗ್ಗೆ. ಆದ್ರೂ ಒಂದಂತೂ ಕಾಣುತ್ತೆ, ನಮ್ಮ ಕಡೆ ಸೊಪ್ಪು ಕಾಳು ತಿನ್ನೋದ್ರಿಂದ ಫೋಲೇಟ್ ಪರ್ವಾಗಿಲ್ಲ, ಸೊಪ್ಪಲ್ಲಿ ಸಿಗದೇ ಇರೋ ಬಿ12ಗೇ ಬರ.

ಬಿ12 ಗಿಡದಲ್ಲಿ ಇಲ್ಲ. ರಾಗೀಲಿ ಇಲ್ಲ, ನುಗ್ಗೆ ಸೊಪ್ಪಲ್ಲಿ ಇಲ್ಲ, ಇಡ್ಲಿ ಹಿಟ್ಟು ಹುಳಿ ಬಂದ್ರೆ ಬರುತ್ತೆ ಅಂತಾರೆ, ನಂಬ್ಕೊಂಡು ಕೂರೋ ಅಷ್ಟು ಬರಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಇಷ್ಟರಲ್ಲೇ. ದಿನಕ್ಕೆ ಬೇಕಾಗಿರೋದು ಎರಡೂವರೆ ಮೈಕ್ರೋಗ್ರಾಂ ಆಸುಪಾಸು, ದೊಡ್ಡ ಲೋಟ ಹಾಲಲ್ಲಿ ಒಂದು ಸಿಗುತ್ತೆ ಅನ್ಕೊಳ್ಳಿ. "ನಾನು ಹಾಲು ಕುಡೀತೀನಿ ಅಕ್ಕ" ಅಂತಾರೆ, ಬಿಡಿಸಿ ಕೇಳಿದ್ರೆ ಎರಡು ಲೋಟ ಕಾಫಿ, ಅದ್ರಲ್ಲಿ ಅರ್ಧ ನೀರು, ಮೊಸರು ಗಂಡ ಮಕ್ಕಳಿಗೆ ಬಡಿಸಿ ಉಳಿದಿದ್ರೆ ನೀರು ಮಜ್ಜಿಗೆ. ಡೈರಿಗೆ ದಿನಾ ಹತ್ತು ಲೀಟರ್ ಹಾಕೋ ಮನೆ ಸೊಸೆಗೇ ಬಿ12 ಕಮ್ಮಿ ಬಂದಿದ್ದು ನೋಡಿದೀನಿ. ಕ್ಯಾನ್ ತುಂಬಿಸಿ ಕಳಿಸಿದ ಮೇಲೆ ಅವಳಿಗೆ ಉಳಿಯೋದು ಪಾತ್ರೆ ತಳ.

ತುಂಬಾ ಕಮ್ಮಿ ಇದ್ರೆ ಊಟದಿಂದ ತುಂಬಿಸೋಕೆ ಆಗಲ್ಲ, ಮಾತ್ರೆ ಇಲ್ಲಾ ಇಂಜೆಕ್ಷನ್ ಕೊಡ್ತಾರೆ. 200 ಪಿಕೋಗ್ರಾಂ ಕೆಳಗಿದ್ರೆ ಕಮ್ಮಿ ಅಂತ ಸಾಮಾನ್ಯ ಲೆಕ್ಕ, 200 ರಿಂದ 300 ಮಧ್ಯೆ ಇದ್ರೆ ಕೈ ಕಾಲು ಜೋಮು, ನಾಲಿಗೆ ಉರಿ, ಬಾಯಿ ಹುಣ್ಣು, ಸುಸ್ತು ಇದ್ಯಾ ಅಂತ ಡಾಕ್ಟ್ರು ಕೇಳಿ ನಿರ್ಧಾರ ಮಾಡ್ತಾರೆ.

ನಾವು ಮಟನ್ ಮೀನು ಎಲ್ಲಾ ತಿಂತೀವಿ, ಆದ್ರೂ ಬಿ12 ಕಮ್ಮಿ?

ವಾರಕ್ಕೆ ಎಷ್ಟು ಸಲ? ಸೋಮವಾರ ಇಲ್ಲ, ಗುರುವಾರ ಇಲ್ಲ, ಶನಿವಾರ ಇಲ್ಲ, ಶ್ರಾವಣ ಪೂರ್ತಿ ಇಲ್ಲ, ಕಾರ್ತೀಕ ಇಲ್ಲ, ಉಳಿದಿದ್ದ ಭಾನುವಾರ ಮಾಡಿದ್ರೆ ಪೀಸೆಲ್ಲ ಬೇರೆಯವ್ರ ತಟ್ಟೆಗೆ, ಸೊಸೆಗೆ ಸಾರು. ಇದು ಒಂದು. ಇನ್ನೊಂದು, ಪಿಸಿಒಡಿ ಅಂದ್ರೆ ಮುಟ್ಟು ಏರುಪೇರಾಗೋ ಅಂಡಾಶಯದ ತೊಂದರೆಗೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೋತಿದ್ರೆ ಅದು ಬಿ12 ಹೀರ್ಕೊಳ್ಳೋದನ್ನ ಕಮ್ಮಿ ಮಾಡುತ್ತೆ, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗೋದೂ ಹಂಗೇ. ಮಕ್ಕಳಾಗ್ಲಿ ಅಂತ ಟ್ರೀಟ್‌ಮೆಂಟಲ್ಲಿ ಇರೋ ತುಂಬಾ ಜನ ಮೆಟ್‌ಫಾರ್ಮಿನ್ ಮೇಲೆ ಇರ್ತಾರೆ. ಮಾತ್ರೆ ನೀವೇ ನಿಲ್ಲಿಸ್ಬೇಡಿ, ಬಿ12 ಒಂದು ಸಲ ನೋಡಿಸಿ ಅಂತ ಡಾಕ್ಟ್ರನ್ನ ಕೇಳಿ. ಅಪರೂಪಕ್ಕೆ ಕೆಲವರಿಗೆ ಹೊಟ್ಟೇಲಿ ಬಿ12 ಹೀರ್ಕೊಳ್ಳೋ ಶಕ್ತೀನೇ ಇರಲ್ಲ, ಅವ್ರಿಗೆ ಸಾಮಾನ್ಯವಾಗಿ ಇಂಜೆಕ್ಷನ್ ಕೊಡ್ತಾರೆ.

ಫೋಲಿಕ್ ಆಸಿಡ್ ಬಸುರಿ ಅಂತ ಗೊತ್ತಾದ್ಮೇಲೆ ಶುರು ಮಾಡಿದ್ರೆ ಸಾಕಲ್ವಾ?

ಲೇಟಾಗುತ್ತೆ. ಮಗುವಿನ ಮೆದುಳು ಬೆನ್ನುಹುರಿ ಆಗೋ ಕೊಳವೆ ಮುಟ್ಟು ತಪ್ಪಿದ ಎರಡು ವಾರದೊಳಗೇ ಮುಚ್ಕೊಂಡಿರುತ್ತೆ, ನಮ್ಮಲ್ಲಿ ಎಷ್ಟೋ ಜನ ಟೆಸ್ಟ್ ಮಾಡೋದೇ ಆಗ. ಅದಕ್ಕೇ ಬಸುರಿ ಆಗೋಕೆ ಕನಿಷ್ಠ ಒಂದು ತಿಂಗಳು ಮುಂಚಿಂದ ದಿನಾ 400 ಮೈಕ್ರೋಗ್ರಾಂ, ಮೂರು ತಿಂಗಳು ತುಂಬೋ ತನಕ. ಇದ್ರ ಉಪಯೋಗ ಗಟ್ಟಿಯಾಗಿ ಸಾಬೀತಾಗಿದೆ, ಮೊದಲನೇ ಮಗುವಿಗೆ ಬೆನ್ನುಹುರಿ ತೊಂದರೆ ಆಗಿದ್ದ ತಾಯಂದಿರಿಗೆ ಜಾಸ್ತಿ ಡೋಸ್ ಕೊಟ್ಟು ನೋಡಿದಾಗ ಮತ್ತೆ ಹಂಗಾಗೋದು 72% ಕಮ್ಮಿ ಆಯ್ತು ಅಂತ 1991ರಲ್ಲೇ ಬ್ರಿಟನ್ನಿನ ಪ್ರಯೋಗದಲ್ಲಿ ಬಂತು. ಆದ್ರೆ ಗರ್ಭಪಾತ ತಡೆಯುತ್ತೆ ಅಂತ ಅಲ್ಲ, ಈ ಎರಡನ್ನ ನಮ್ಮ ಜನ ಕಲಸ್ಕೊಂಡ್ಬಿಟ್ಟಿದಾರೆ.

ಅಂಗಡೀಲಿ ಕೇಳಿದ್ರೆ 5 ಮಿಲಿಗ್ರಾಂದು ಕೊಡ್ತಾರೆ, ಅದು 400ರ ಹನ್ನೆರಡೂವರೆ ಪಟ್ಟು. ಶುಗರ್ ಇರೋರು, ಫಿಟ್ಸ್ ಮಾತ್ರೆ ತಗೊಳೋರು, ಮುಂಚೆ ಅಂಥ ಮಗು ಆಗಿದ್ದೋರು, ಇವ್ರಿಗೆ ಅದೇ ಬೇಕು, ಮಿಕ್ಕೋರು ಕೇಳಿ ತಗೊಳ್ಳಿ. ಇನ್ನೊಂದು ವಿಷಯ, ಬಿ12 ಕಮ್ಮಿ ಇದ್ದು ಬರೀ ಫೋಲಿಕ್ ಆಸಿಡ್ ಸುರಿದ್ರೆ ರಕ್ತ ಸರಿಯಾದ ಹಂಗೆ ಕಾಣುತ್ತೆ, ಒಳಗೆ ನರ ಹಾಳಾಗ್ತಾನೇ ಇರುತ್ತೆ.

ಎಂಟಿಎಚ್‌ಎಫ್‌ಆರ್ ಅಂತ, ಮೈ ಫೋಲಿಕ್ ಆಸಿಡ್ ಬಳಸ್ಕೊಳ್ಳೋದಕ್ಕೆ ಸಂಬಂಧಪಟ್ಟ ಜೀನ್ ಟೆಸ್ಟ್ ಮಾಡಿಸ್ಲಾ ಅಂತಾನೂ ಕೇಳ್ತಾರೆ, ಯೂಟ್ಯೂಬ್ ನೋಡಿ. ದುಡ್ಡು ಉಳಿಸ್ಕೊಳ್ಳಿ. ಆ ಬದಲಾವಣೆ ತುಂಬಾ ಜನದಲ್ಲಿ ಇರುತ್ತೆ, ಪದೇ ಪದೇ ಹೋಗಿದ್ದಕ್ಕೆ ಅದನ್ನ ರೂಢಿಯಾಗಿ ಮಾಡಿಸ್ಬೇಡಿ ಅಂತಾನೇ ದೊಡ್ಡ ಡಾಕ್ಟ್ರ ಸಂಘಗಳು ಹೇಳೋದು.

ಊಟದಲ್ಲೇ ಸರಿ ಮಾಡ್ಕೋಬಹುದಾ? ಏನು ತಿನ್ಲಿ?

ಫೋಲೇಟ್ ವಿಷಯದಲ್ಲಿ ನಮ್ಮ ಮಂಡ್ಯ ಅಡುಗೆ ಮೇಲೆ ನಂಗೆ ಸ್ವಲ್ಪ ಜಂಬ. ಫೋಲೇಟ್ ನೀರಲ್ಲಿ ಕರಗುತ್ತೆ, ಸೊಪ್ಪು ಬೇಯಿಸಿ ನೀರು ಚೆಲ್ಲಿದ್ರೆ ಅರ್ಧ ಅದ್ರ ಜೊತೆಗೇ ಹೋಯ್ತು. ನಮ್ಮ ಬಸ್ಸಾರಲ್ಲಿ ಏನ್ ಮಾಡ್ತೀವಿ, ದಂಟು ಸೊಪ್ಪು ಹೆಸರು ಕಾಳು ಬೇಯಿಸಿ ಬಸಿದು, ಆ ಬಸಿದ ನೀರಿಗೇ ಖಾರ ರುಬ್ಬಿ ಹಾಕಿ ಸಾರು, ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಏನೂ ಚೆಲ್ಲಲ್ಲ. ಉಪ್ಪೆಸರೂ ಅದೇ ಕಥೆ. ನಮ್ಮಜ್ಜಿಗೆ ಫೋಲೇಟ್ ಅಂದ್ರೆ ಏನೂಂತ ಗೊತ್ತಿರ್ಲಿಲ್ಲ. ಸೊಪ್ಪನ್ನ ಹೆಚ್ಚೋಕೆ ಮುಂಚೆ ತೊಳೀರಿ, ಕುಕ್ಕರಲ್ಲಿ ಐದು ವಿಷಲ್ ಕೂಗಿಸ್ಬೇಡಿ.

ರಾಗಿ ಮುದ್ದೆ ಕ್ಯಾಲ್ಸಿಯಂಗೆ ಚೆನ್ನ, 100 ಗ್ರಾಂ ರಾಗೀಲಿ 340 ಮಿಲಿಗ್ರಾಂ ಮೇಲೆ ಇರುತ್ತೆ. ಡಿ ಊಟದಲ್ಲಿ ಸಿಗೋದು ತೀರಾ ಕಮ್ಮಿ, ಮೊಟ್ಟೆ ಹಳದಿ, ಭೂತಾಯಿ ಥರದ ಕೊಬ್ಬಿರೋ ಮೀನು ಅಷ್ಟೇ. ಬಿ12ಗೆ ದಿನಾ ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಲೋಟ ಬರೀ ಹಾಲು, ತಿನ್ನೋರಾದ್ರೆ ಮೊಟ್ಟೆ. ಸಾಲದಿದ್ರೆ ಮಾತ್ರೆ, ನಾಚಿಕೆ ಏನಿಲ್ಲ.

ರಕ್ತ ಕಮ್ಮಿ ಇದೆ, ಹಿಮೋಗ್ಲೋಬಿನ್ 8. ಅದಕ್ಕೇ ಹೋಯ್ತಾ?

ಕಬ್ಬಿಣ ವಿಟಮಿನ್ ಅಲ್ಲ, ಆದ್ರೂ ಎಲ್ರೂ ಸೇರಿಸೇ ಕೇಳ್ತಾರೆ. 8 ಇಟ್ಕೊಂಡು ಬಸುರಿ ಆಗೋದು ತಾಯಿಗೂ ಮಗೂಗೂ ಒಳ್ಳೇದಲ್ಲ, ಮೊದಲು ಸರಿ ಮಾಡ್ಕೊಳ್ಳಿ, ಹೋಗಿದ್ದಕ್ಕೆ ಅದೇ ಕಾರಣ ಅಂತ ಅಲ್ಲ, ಎಷ್ಟೋ ಸಲ ಹೋದಾಗ ಆದ ಬ್ಲೀಡಿಂಗಿಂದ್ಲೇ ಕಮ್ಮಿ ಆಗಿರುತ್ತೆ. ಮಾತ್ರೆ ಕಾಫಿ ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ, ನಿಂಬೆ ಹಣ್ಣಿನ ಪಾನಕದ ಜೊತೆ ತಗೊಳ್ಳಿ. ಮಲ ಕಪ್ಪಾಗುತ್ತೆ, ಗಾಬರಿ ಆಗ್ಬೇಡಿ.

ವಾಟ್ಸಾಪಲ್ಲಿ ಬಂತು, ವಿಟಮಿನ್ ಬಿ3 ತಗೊಂಡ್ರೆ ಗರ್ಭಪಾತ ಆಗಲ್ವಂತೆ? ವಿಟಮಿನ್ ಇ ಕೂಡ?

ಆ ಬಿ3 ಸುದ್ದಿ 2017ರದ್ದು, ಇನ್ನೂ ಸುತ್ತುತ್ತಾನೇ ಇದೆ. ಸಿಡ್ನಿ ವಿಜ್ಞಾನಿಗಳು ಅಪರೂಪದ ಜೀನ್ ದೋಷ ಇರೋ ನಾಲ್ಕು ಕುಟುಂಬ ನೋಡಿದ್ರು, ಅವ್ರ ಮೈಯಲ್ಲಿ ಎನ್‌ಎಡಿ ಅನ್ನೋ ಒಂದು ವಸ್ತು ಸರಿಯಾಗಿ ತಯಾರಾಗ್ತಿರಲಿಲ್ಲ, ಅಂಥದ್ದೇ ದೋಷ ಇರೋ ಇಲಿಗಳಿಗೆ ಬಿ3 ಕೊಟ್ಟಾಗ ಮರಿ ಸರಿಯಾಗಿ ಹುಟ್ಟಿದ್ವು. ದೊಡ್ಡ ಕೆಲಸಾನೇ, ಆದ್ರೆ ಇಲಿ ಮತ್ತೆ ನಾಲ್ಕು ಮನೆಯ ಕಥೆ ಪೇಪರಲ್ಲಿ ಬರೋ ಹೊತ್ತಿಗೆ "ಗರ್ಭಪಾತಕ್ಕೆ ಮದ್ದು ಸಿಕ್ತು" ಆಗ್ಬಿಡ್ತು. ಕಡ್ಲೆಕಾಯಲ್ಲಿ ಬಿ3 ಚೆನ್ನಾಗಿದೆ, ತಿನ್ನಿ, ಗುಳಿಗೆ ಹುಡುಕ್ಕೊಂಡು ಹೋಗ್ಬೇಡಿ. ಇ, ಸಿ ಇವನ್ನ ಕೊಟ್ಟು ನೋಡಿದ ಪ್ರಯೋಗಗಳನ್ನೆಲ್ಲ 2016ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆಯವ್ರು ಒಟ್ಟಿಗೆ ಜಾಲಾಡಿದ್ರು, ಗರ್ಭಪಾತ ಕಮ್ಮಿ ಆಗಿದ್ದು ಕಾಣ್ಲಿಲ್ಲ.

ವಿಟಮಿನ್ ಎ ಮಾತ್ರ ಹುಷಾರು. ಮಾತ್ರೆ ರೂಪದಲ್ಲಿ ದಿನಕ್ಕೆ 10,000 ಐಯು ಮೇಲೆ ಹೋದ್ರೆ ಮಗುವಿಗೆ ಅಂಗದೋಷ ಆಗೋ ಅಪಾಯ, ಕುರಿ ಲಿವರ್ರಲ್ಲೂ ತುಂಬಾ ಇರುತ್ತೆ, ರಕ್ತ ಆಗ್ಲಿ ಅಂತ ಬಸುರೀಲಿ ದಿನಾ ಲಿವರ್ ತಿನ್ನಿಸೋ ಅತ್ತೆಯಂದಿರು ಕೇಳಿಸ್ಕೊಳ್ಳಿ. ಕ್ಯಾರೆಟ್, ಸೊಪ್ಪಿಂದ ಬರೋದ್ರಿಂದ ಏನೂ ಆಗಲ್ಲ.

ಹಾಗಾದ್ರೆ ನಿಜವಾಗ್ಲೂ ಯಾವ ಟೆಸ್ಟ್ ಮಾಡಿಸ್ಬೇಕು?

ಈ ಪ್ರಶ್ನೇನ ಮೊದಲು ಕೇಳಿದ್ರೆ ಚೆನ್ನಾಗಿತ್ತು, ಆದ್ರೆ ಯಾರೂ ಮೊದಲು ಕೇಳಲ್ಲ.

ತಪ್ಪಿಸ್ಬಾರದ್ದು ಆಂಟಿಫಾಸ್ಫೋಲಿಪಿಡ್ ಟೆಸ್ಟ್. ಇದ್ರಲ್ಲಿ ಮೂರಿದೆ, ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್. ನಮ್ಮ ಮೈ ರಕ್ಷಣೆಗೆ ಅಂತ ಇರೋ ಪ್ರತಿಕಾಯಗಳೇ ದಾರಿ ತಪ್ಪಿ, ಕಸ ಅಂದ್ರೆ ಪ್ಲಾಸೆಂಟಾ ಬೇರು ಬಿಡೋ ಕೆಲಸ ಕೆಡಿಸ್ತಾವೆ, ಅಲ್ಲಿ ರಕ್ತ ಹೆಪ್ಪುಗಟ್ಟೋ ಹಂಗೂ ಮಾಡ್ತಾವೆ. ಒಂದು ಸಲ ಪಾಸಿಟಿವ್ ಬಂದ್ರೆ ಸಾಲದು, 12 ವಾರ ಬಿಟ್ಟು ಮತ್ತೆ ಮಾಡ್ಬೇಕು, ಯಾಕಂದ್ರೆ ಜ್ವರ ಇನ್ಫೆಕ್ಷನ್ ಬಂದಾಗಲೂ ಸುಮ್ನೆ ಪಾಸಿಟಿವ್ ಬರುತ್ತೆ. ನಂದು ಎರಡೂ ಸಲ ಬಂತು. ಮುಂದಿನ ಬಸುರಲ್ಲಿ ಕಮ್ಮಿ ಡೋಸಿನ ಆಸ್ಪಿರಿನ್ನು, ಜೊತೆಗೆ ಹೊಟ್ಟೆಗೆ ದಿನಾ ರಕ್ತ ಹೆಪ್ಪುಗಟ್ಟದಂಗೆ ತಡೆಯೋ ಹೆಪಾರಿನ್ ಇಂಜೆಕ್ಷನ್. ರಕ್ತ ತೆಗೆಯೋ ಕೈಗೆ ಸ್ವಂತ ಹೊಟ್ಟೆಗೆ ಚುಚ್ಕೊಳ್ಳೋಕೆ ಮೊದಲ ವಾರ ಆಗ್ಲೇ ಇಲ್ಲ, ನಮ್ಮನೆಯವ್ರು ಕಣ್ಣು ಅರ್ಧ ಮುಚ್ಕೊಂಡು ಚುಚ್ಚೋರು. ಹೊಕ್ಕಳ ಸುತ್ತ ಹಸಿರು ನೀಲಿ ಕಲೆ, ಖಾಲಿ ಸಿರಿಂಜ್ ಹಾಕೋಕೆ ಒಂದು ಹಾರ್ಲಿಕ್ಸ್ ಡಬ್ಬಿ, ಅದು ತುಂಬಿ ಇನ್ನೊಂದು. ಮಗಳು ಈಗ ನಾಲ್ಕನೇ ಕ್ಲಾಸು. ನಂಗೆ ಆಯ್ತು ಅಂತ ನೀವು ಸುಮ್ನೆ ಆಸ್ಪಿರಿನ್ ಶುರು ಮಾಡ್ಬೇಡಿ, ಟೆಸ್ಟ್ ಪಾಸಿಟಿವ್ ಇದ್ರೆ ಮಾತ್ರ ಇದ್ರ ಉಪಯೋಗ.

ಥೈರಾಯ್ಡ್, ಶುಗರ್ ನೋಡಿಸಿ. ಮೂರು ತಿಂಗಳ ಶುಗರ್ ಅಂದ್ರೆ ಎಚ್‌ಬಿಎ1ಸಿ ಜಾಸ್ತಿ ಇದ್ರೆ ಅದನ್ನ ಇಳಿಸಿದ ಮೇಲೇ ಬಸುರಿ ಆಗೋದು ಒಳ್ಳೇದು. ಗರ್ಭಕೋಶದೊಳಗೆ ಅಡ್ಡ ಗೋಡೆ ಇದ್ಯಾ ಅಂತ 3ಡಿ ಸ್ಕ್ಯಾನಿಂಗು. ಗಂಡ ಹೆಂಡ್ತಿ ಇಬ್ಬರದ್ದೂ ಕ್ರೋಮೋಸೋಮ್ ಟೆಸ್ಟ್ ಅಂದ್ರೆ ಕ್ಯಾರಿಯೋಟೈಪ್ ಕೆಲವರಿಗೆ ಹೇಳ್ತಾರೆ, ಸೋದರಮಾವನ್ನ ಮದ್ವೆ ಆಗಿರೋರು, ಒಳಸಂಬಂಧದೋರು ಅದನ್ನ ಮುಚ್ಚಿಡದೆ ಡಾಕ್ಟ್ರಿಗೆ ಹೇಳಿ. ಮತ್ತೆ ಹೋದ್ರೆ, ಹಂಗಾಗದೇ ಇರ್ಲಿ, ಹೋದ ಭಾಗಾನ ಟೆಸ್ಟಿಗೆ ಕಳಿಸಬಹುದಾ ಅಂತ ಕೇಳಿ. ಮಗೂದೇ ಕ್ರೋಮೋಸೋಮ್ ತಪ್ಪಿತ್ತು ಅಂತ ಬಂದ್ರೆ ತಾಯಿ ತಲೆ ಮೇಲಿಂದ ಎಷ್ಟೋ ಭಾರ ಇಳಿಯುತ್ತೆ.

ಇದೆಲ್ಲದ್ರ ಜೊತೆ ಡಿ, ಬಿ12 ನೋಡಿ, ಬೇಡ ಅಂದಿಲ್ಲ. ಇದ್ರ ಬದಲಿಗೆ ಅಂತ ಮಾತ್ರ ಬೇಡ.

ಎಲ್ಲಾ ನಾರ್ಮಲ್ ಬಂತು. ಈಗ?

ಅರ್ಧದಷ್ಟು ಜನಕ್ಕೆ ಹಂಗೇ ಬರೋದು. ಅಳು ಬರುತ್ತೆ ಗೊತ್ತು, ಏನಾದ್ರೂ ಒಂದು ಕೆಟ್ಟದ್ದು ಬಂದಿದ್ರೂ ಚೆನ್ನಾಗಿತ್ತು ಅನ್ಸುತ್ತೆ. ಆದ್ರೆ ಇದು ಕೇಳಿ, ಮೂರೋ ಅದಕ್ಕಿಂತ ಜಾಸ್ತಿಯೋ ಸಲ ಹೋಗಿ ಕಾರಣ ಸಿಗದೇ ಇದ್ದ ಹೆಂಗಸರ ಮೇಲೆ ಪ್ರಾಮಿಸ್ ಅಂತ ಒಂದು ಪ್ರಯೋಗ ಮಾಡಿದ್ರು, 2015ರಲ್ಲಿ ಬಂತು, ಅರ್ಧ ಜನಕ್ಕೆ ಬಸುರು ಉಳಿಯೋಕೆ ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನು, ಅರ್ಧ ಜನಕ್ಕೆ ಔಷಧಿ ಇಲ್ಲದ ಸುಳ್ಳು ಮಾತ್ರೆ. ಸುಳ್ಳು ಮಾತ್ರೆ ತಗೊಂಡೋರಲ್ಲೂ 100ಕ್ಕೆ 63 ಜನಕ್ಕೆ ಮಗು ಆಯ್ತು. ಪ್ರೊಜೆಸ್ಟರಾನ್ ಗುಂಪಲ್ಲಿ 66, ದೊಡ್ಡ ವ್ಯತ್ಯಾಸ ಏನಿಲ್ಲ. ಆದ್ರೆ 2019ರ ಇನ್ನೊಂದು ಪ್ರಯೋಗದಲ್ಲಿ, ಮುಂಚೆ ಹೋಗಿದ್ದು ಈಗ ಮತ್ತೆ ಬಸುರಲ್ಲಿ ಬ್ಲೀಡಿಂಗ್ ಕಾಣ್ಸಿದೋರಿಗೆ ಅದ್ರಿಂದ ಉಪಯೋಗ ಆಗಿರೋ ಹಂಗೆ ಕಂಡಿದೆ, ಹಂಗಾಗಿ ಬ್ಲೀಡಿಂಗ್ ಕಂಡ ತಕ್ಷಣ ಡಾಕ್ಟ್ರಿಗೆ ಹೇಳಿ.

ಪರಂಗಿ ಹಣ್ಣು ತಿಂದಿದ್ದೆ. ಸ್ಕೂಟೀಲಿ ಹೋಗಿದ್ದೆ. ಬಿಂದಿಗೆ ಎತ್ತಿದ್ದೆ.

ಅದ್ರಿಂದ ಅಲ್ಲ. ಚೆನ್ನಾಗಿ ಹಣ್ಣಾದ ಪರಂಗಿ ಒಂದೆರಡು ಹೋಳು ತಿಂದಿದ್ದಕ್ಕೆ ಯಾರದ್ದೂ ಹೋಗಲ್ಲ, ಕಾಯಿ ಬೇಡ ಅಂತಾರೆ, ಸರಿ ಬಿಟ್ಬಿಡಿ. ಮೂರು ತಿಂಗಳು ಮಂಚದ ಮೇಲೆ ಮಲಗಿಸೋದ್ರಿಂದ ಮಗು ನಿಲ್ಲುತ್ತೆ ಅನ್ನೋದಕ್ಕೂ ಆಧಾರ ಇಲ್ಲ.

ನಮ್ಮತ್ತೆ "ನಿನ್ನ ಮೈಯಲ್ಲೇ ಸತ್ವ ಇಲ್ಲ ಕಣವ್ವ" ಅಂತಾರೆ. ಅವ್ರ ಮಗಂಗೆ ಟೆಸ್ಟ್ ಬೇಡ್ವಂತೆ.

ಅರ್ಧ ಕ್ರೋಮೋಸೋಮ್ ಅವ್ರ ಮಗಂದೇ ಅಲ್ವಾ. ವೀರ್ಯದೊಳಗಿನ ಡಿಎನ್‌ಎ ಚೂರಾಗಿದ್ರೂ ಮಗು ನಿಲ್ದೇ ಹೋಗೋ ಸಾಧ್ಯತೆ ಜಾಸ್ತಿ ಅಂತ ಈಗ ಹೇಳ್ತಾರೆ, ಬೀಡಿ, ಕುಡಿತ, ತೂಕ ಎಲ್ಲಾ ಅದಕ್ಕೆ ಸೇರುತ್ತೆ. ನಾನು ಒಂದು ಉಪಾಯ ಮಾಡ್ತೀನಿ, ಹೆಂಡ್ತಿ ಕೈಗೆ ಹತ್ತಿ ಒತ್ತಿ ಇಟ್ಟು ಹೊರಗೆ ಬಂದು ಗಂಡನ್ನ ಕರೆದು "ಬನ್ನಿ ಸಾರ್, ನಿಮ್ದೂ ಶುಗರ್ ಬಿ12 ನೋಡ್ಬಿಡೋಣ" ಅಂತೀನಿ, ಅತ್ತೆ ಎದುರಿಗೇ. ತುಂಬಾ ಜನ ಕೂತ್ಕೋತಾರೆ, ಎಷ್ಟೋ ಸಲ ಗಂಡಂದೇ ಬಿ12 ಹೆಂಡ್ತೀಗಿಂತ ಕಮ್ಮಿ ಬರುತ್ತೆ. ಅದು ಗರ್ಭಪಾತಕ್ಕೆ ಕಾರಣ ಅಂತ ಅಲ್ಲ, ಆದ್ರೆ ಆಮೇಲೆ ಆ ಮನೇಲಿ ಸತ್ವದ ಮಾತು ಸ್ವಲ್ಪ ಕಮ್ಮಿ ಆಗುತ್ತೆ.

ಹೋದ್ಮೇಲೆ ಎಷ್ಟು ತಿಂಗಳು ಗ್ಯಾಪ್ ಬೇಕು?

ಆರು ತಿಂಗಳು ಅಂತ ಹಳೇ ಮಾತು. ಬೇಗ ನಿಂತ್ರೆ ತೊಂದರೆ ಜಾಸ್ತಿ ಅಂತೇನೂ ಕಂಡಿಲ್ಲ, ಒಂದು ಮುಟ್ಟು ಸರಿಯಾಗಿ ಆಗ್ಲಿ, ಟೆಸ್ಟ್ ಬಾಕಿ ಇದ್ರೆ ಮುಗೀಲಿ, ಫೋಲಿಕ್ ಆಸಿಡ್ ಒಂದು ತಿಂಗಳಾಗ್ಲಿ, ಮನಸ್ಸು ಒಪ್ಲಿ. ನಿಮ್ಮ ರಕ್ತದ ಗ್ರೂಪ್ ನೆಗೆಟಿವ್ ಆಗಿದ್ರೆ ಹೋದಾಗ ಆಂಟಿ-ಡಿ ಇಂಜೆಕ್ಷನ್ (ಇದಕ್ಕೂ ವಿಟಮಿನ್ ಡಿಗೂ ಸಂಬಂಧ ಇಲ್ಲ) ಬೇಕಿತ್ತಾ, ಕೊಟ್ಟಿದಾರಾ ಕೇಳಿ. ಗಂಟೆಗೆ ಎರಡು ಪ್ಯಾಡ್ ನೆನೆಯೋ ಅಷ್ಟು ಬ್ಲೀಡಿಂಗು, ಜ್ವರ, ತಲೆ ಸುತ್ತು, ಒಂದು ಕಡೆ ತಡೆಯೋಕಾಗದ ಹೊಟ್ಟೆ ನೋವು ಬಂದ್ರೆ ಯಾರನ್ನೂ ಕೇಳ್ತಾ ಕೂರ್ಬೇಡಿ, ಆಸ್ಪತ್ರೆಗೆ ಓಡಿ.

ದುಡ್ಡಿಲ್ಲ. ಸರ್ಕಾರಿ ಕಡೆ ಎಲ್ಲಿಗೆ ಹೋಗ್ಲಿ?

ಮೈಸೂರಲ್ಲಿ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್. ಎರಡೂ ಮೆಡಿಕಲ್ ಕಾಲೇಜಿಗೆ ಸೇರಿದ್ದು, ದೊಡ್ಡ ಡಾಕ್ಟ್ರು ಇರ್ತಾರೆ, ರಶ್ಶು ಇರುತ್ತೆ, ಬೆಳಿಗ್ಗೆ ಬೇಗ ಹೋಗಿ. ಬಸುರಿ ಅಂತ ಗೊತ್ತಾದ ತಕ್ಷಣ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿ, "ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ, ದೃಷ್ಟಿ ಆಗುತ್ತೆ" ಅಂತ ಮುಚ್ಚಿಟ್ರೆ ನೋಡ್ಕೋಬೇಕಾದ ಮೂರು ತಿಂಗಳೇ ಕಳೆದುಹೋಗುತ್ತೆ. ನಾಲ್ಕನೇ ತಿಂಗಳಿಂದ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರೋ ಮಾತ್ರೆ 180 ದಿನಕ್ಕೆ ಫ್ರೀ ಕೊಡ್ತಾರೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೇಲಿ ಬಸುರಿಯರಿಗೆ ಫ್ರೀ ಚೆಕಪ್ ಇರುತ್ತೆ, 2016ರಿಂದ ನಡೀತಿದೆ. ಅಂಗನವಾಡೀಲಿ ಮಾತೃಪೂರ್ಣ ಊಟ ಇದೆ, ಸಂಕೋಚ ಬಿಟ್ಟು ಹೋಗಿ.

ಟೆಸ್ಟಿಗೆ ಖಾಲಿ ಹೊಟ್ಟೇಲಿ ಬರ್ಬೇಕಾ? ಮಾತ್ರೆ ನಿಲ್ಲಿಸ್ಬೇಕಾ?

ಡಿಗೆ ಬೇಕಿಲ್ಲ, ಹೋಮೋಸಿಸ್ಟೀನ್, ಫಾಸ್ಟಿಂಗ್ ಶುಗರ್ ಬರೆದಿದ್ರೆ ಖಾಲಿ ಹೊಟ್ಟೆ. ನೀರು ಕುಡ್ಕೊಂಡು ಬನ್ನಿ, ನರ ಬೇಗ ಸಿಗುತ್ತೆ. ಬಿ12 ಇಂಜೆಕ್ಷನ್ ಆಗ್ಲೇ ತಗೊಂಡಿದ್ರೆ ಹೇಳಿ, ಆಮೇಲೆ ಟೆಸ್ಟ್ ಮಾಡಿದ್ರೆ ಸಾವಿರದ ಮೇಲೆ ಬಂದು ಏನೂ ಗೊತ್ತಾಗಲ್ಲ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಿಂತಿದ್ರೆ ಅದಂತೂ ಹೇಳಲೇಬೇಕು, ಅದು ಥೈರಾಯ್ಡ್ ರಿಪೋರ್ಟ್‌ನ ಸುಳ್ಳು ಮಾಡುತ್ತೆ, ಎರಡು ದಿನ ಬಿಟ್ಟು ಬನ್ನಿ. ಹೆಪಾರಿನ್ ತಗೋತಿದ್ರೆ ಲೂಪಸ್ ಟೆಸ್ಟ್ ಕೆಡುತ್ತೆ, ಅದನ್ನ ಮಾತ್ರ ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟ್ರು ಹೇಳಿದಂಗೆ.

ಹಳೇ ರಿಪೋರ್ಟೆಲ್ಲ ತಗೊಂಡು ಬನ್ನಿ. ತುಂಬಾ ಜನ ಹೋದ ಮಗೂದು ಸ್ಕ್ಯಾನಿಂಗ್ ಹಾಳೆ ಮನೇಲಿ ಇಟ್ಕೋಬಾರದು ಅಂತ ಹರಿದು ಹಾಕಿರ್ತಾರೆ, ಇಲ್ಲಾ ಹಿರಿಯರು ಹರಿಸಿರ್ತಾರೆ. ಎಷ್ಟನೇ ವಾರಕ್ಕೆ ಹೋಯ್ತು, ಹಾರ್ಟ್‌ಬೀಟ್ ಬಂದಿತ್ತಾ, ಇಷ್ಟು ಗೊತ್ತಾದ್ರೂ ಡಾಕ್ಟ್ರಿಗೆ ಅರ್ಧ ದಾರಿ ಸಿಗುತ್ತೆ. ನೋಡೋಕೆ ಸಂಕಟ ಆದ್ರೆ ನನ್ನ ಥರ ಮಾಡಿ, ಒಂದು ಕವರಿಗೆ ಹಾಕಿ ಅಂಟಿಸಿ, ಮೇಲೆ ತಾರೀಕು ಬರೆದು ರೇಷನ್ ಕಾರ್ಡಿನ ಜೊತೆ ಇಟ್ಬಿಡಿ.